ಹರಳು ಕಟ್ಟುವ ಹದ

ಭದ್ರಾವತಿಯ ಚರಿತ್ರೆ ಎಂದರೆ ನಮ್ಮಲ್ಲಿ ಬಹುಮಟ್ಟಿಗೆ ಲೆಕ್ಕದ ಚರಿತ್ರೆ. ಕೆಮ್ಮಣ್ಣುಗುಂಡಿಯಿಂದ ಎಷ್ಟು ಅದಿರು ಇಳಿಯಿತು, ಮಲೆನಾಡಿನ ಕಾಡಿನಿಂದ ಎಷ್ಟು ಸೌದೆ ಹೋಯಿತು, ಎಷ್ಟು ಟನ್ ಬೀಡುಕಬ್ಬಿಣ ಹೊರಬಂತು, ಎಷ್ಟು ಮನೆಗಳ ಒಲೆ ಉರಿಯಿತು, ಕೊನೆಗೆ ಎಷ್ಟು ಕೋಟಿ ನಷ್ಟವಾಯಿತು. ಶಿವಮೊಗ್ಗದ ಕಸುಬುಗಳ ಕಥೆಯನ್ನೂ ಹೀಗೆಯೇ ಬರೆಯುತ್ತೇವೆ: ಅಡಿಕೆ ಮಂಡಿಯ ಮೂಟೆ, ಗಿರಣಿಯ ಅಕ್ಕಿ, ಗಾಣದ ಕಬ್ಬು. ಈ ಲೆಕ್ಕಗಳು ಬೇಕು, ಅವುಗಳನ್ನು ಬಿಟ್ಟು ಚರಿತ್ರೆ ನಿಲ್ಲುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ವಸ್ತು ಎಷ್ಟಿತ್ತು ಎಂಬುದು ಸಿಗುತ್ತದೆಯೇ ಹೊರತು, ಆ ವಸ್ತುವನ್ನು ಕೆಲಸಗಾರ ಏನು ಮಾಡಿದ ಎಂಬುದು ಸಿಗುವುದಿಲ್ಲ. ಈ ಎರಡು ಊರುಗಳ ಆಸುಪಾಸಿನಲ್ಲಿ ಬೆಳೆದ ಬೆಲ್ಲ, ಸಕ್ಕರೆ, ಉಕ್ಕು ಎಂಬ ಕಸುಬುಗಳನ್ನು ಹತ್ತಿರದಿಂದ ನೋಡಿದರೆ ಅವೆಲ್ಲ ಹರಳಿನ ಕಸುಬುಗಳು. ವಸ್ತು ಒಂದೇ ಇದ್ದು, ಅದು ಒಳಗೆ ಹೇಗೆ ಜೋಡಿಸಿಕೊಂಡಿತು, ಯಾವ ಗಳಿಗೆಯಲ್ಲಿ ಜೋಡಿಸಿಕೊಂಡಿತು ಎಂಬುದರ ಮೇಲೆಯೇ ಸರಕಿನ ಗುಣ ನಿಂತಿದ್ದ ಕಸುಬುಗಳು. ಇವತ್ತು ಔಷಧ ಪ್ರಯೋಗಾಲಯಗಳಲ್ಲಿ ಅಲ್ಟ್ರಾಸೌಂಡ್ ಹಾಯಿಸಿ ಒಂದೇ ಮದ್ದಿನ ಬೇರೆ ಬೇರೆ ಹರಳುಗಳನ್ನು ತೆಗೆಯುವ ವಿದ್ಯೆಯನ್ನು ನಾವು ಎಲ್ಲಿಂದಲೋ ಬಂದ ಹೊಸ ಸಂಗತಿ ಎಂದುಕೊಳ್ಳುತ್ತೇವೆ. ಅದನ್ನು ಈ ಹಳೆಯ ಕಸುಬುಗಳ ಸಾಲಿನಲ್ಲಿಟ್ಟು ಓದಿದರೆ ಆ ವಿದ್ಯೆಯೂ ಹೆಚ್ಚು ಅರ್ಥವಾಗುತ್ತದೆ, ಈ ಊರುಗಳ ಹಿಂದಿನ ದಿನಗಳೂ ಹೆಚ್ಚು ಅರ್ಥವಾಗುತ್ತವೆ ಎಂಬುದು ನನ್ನ ವಾದ.

ಇದಕ್ಕೆ ಬೇಕಾದ ಮಾತು ಕನ್ನಡದಲ್ಲಿ ಆಗಲೇ ಇದೆ: ಹದ. ಕಮ್ಮಾರ ಕತ್ತಿಗೆ ಹದ ಹಾಕುತ್ತಾನೆ, ಆಲೆಮನೆಯಲ್ಲಿ ಪಾಕದ ಹದ ನೋಡುತ್ತಾರೆ, ಲೇಹ್ಯ ಕಾಯಿಸುವವರೂ ಹದ ಮೀರದಂತೆ ಕಾಯುತ್ತಾರೆ. ಹದ ಎಂದರೆ ಅಳತೆ ಇಲ್ಲದ, ಹೇಳಿಕೊಡಲಾಗದ, ಕೈಗೆ ಮಾತ್ರ ಗೊತ್ತಿರುವ ಏನೋ ಒಂದು ಎಂದು ಗೌರವದಿಂದಲೇ ಬದಿಗೆ ಸರಿಸಿಬಿಡುವುದು ರೂಢಿ. ಅದು ಹದಕ್ಕೆ ಮಾಡುವ ಅನ್ಯಾಯ. ಹದಕ್ಕೆ ಖಚಿತವಾದ ವಿಷಯವಿದೆ. ದ್ರವವೊಂದು ತನ್ನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಸಕ್ಕರೆಯನ್ನೋ ಮದ್ದನ್ನೋ ಹೊತ್ತು ನಿಂತಿರುತ್ತದೆ. ಹರಳು ಕಟ್ಟಬೇಕು, ಇನ್ನೂ ಕಟ್ಟಿಲ್ಲ. ರಸಾಯನಶಾಸ್ತ್ರದಲ್ಲಿ ಇದನ್ನು ಅತಿಸಂತೃಪ್ತ ಸ್ಥಿತಿ ಎನ್ನುತ್ತಾರೆ. ಆ ತೂಗುಯ್ಯಾಲೆಯ ಗಳಿಗೆಯಲ್ಲಿ ಮೊದಲ ಹರಳು ಹೇಗೆ ಹುಟ್ಟುತ್ತದೆಯೋ ಹಾಗೆ ಮುಂದಿನದೆಲ್ಲ ನಡೆಯುತ್ತದೆ. ಹದ ಬಲ್ಲವನು ಎಂದರೆ ಆ ಗಳಿಗೆಯನ್ನು ಗುರುತಿಸಿ ಅದರೊಳಗೆ ಕೈಹಾಕಬಲ್ಲವನು.

ಆಲೆಮನೆಯಿಂದಲೇ ನೋಡೋಣ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಕಿ, ಬೆಂಡೆಯ ಲೋಳೆ ಬಿಟ್ಟು ಮೇಲೆದ್ದ ಕೊಳೆಯನ್ನು ತೆಗೆಯುತ್ತ ಬರುತ್ತಾರೆ. ನೊರೆಯ ಬಣ್ಣ ತಿರುಗುತ್ತದೆ, ಗುಳ್ಳೆ ಸಣ್ಣದರಿಂದ ದೊಡ್ಡದಾಗುತ್ತದೆ, ಕುದಿತದ ಸದ್ದು ಭಾರವಾಗುತ್ತದೆ. ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದಾಗ ಉಂಡೆ ಕಟ್ಟಿದರೆ ಒಲೆಯಿಂದ ಇಳಿಸುವ ಹೊತ್ತು. ಇಲ್ಲಿಯ ತನಕದ್ದು ನೀರು ಕಳೆಯುವ ಕೆಲಸ. ನಿಜವಾದ ಕೆಲಸ ಇಳಿಸಿದ ಮೇಲೆ. ಪಾಕವನ್ನು ಅಗಲವಾದ ಮರಿಗೆಗೆ ಸುರಿದು ಮರದ ಹುಟ್ಟಿನಿಂದ ಮಗುಚುತ್ತಾರೆ. ಹೊಳೆಯುತ್ತಿದ್ದ ಪಾಕ ನೋಡನೋಡುತ್ತ ಮಂಕಾಗುತ್ತದೆ, ಬಣ್ಣ ತಿಳಿಯಾಗುತ್ತದೆ, ಹುಟ್ಟಿಗೆ ಭಾರ ಹತ್ತುತ್ತದೆ. ಆ ಮಂಕು ಎಂದರೆ ಕೋಟಿಗಟ್ಟಲೆ ಸಣ್ಣ ಸಕ್ಕರೆ ಹರಳುಗಳು ಒಟ್ಟಿಗೆ ಹುಟ್ಟಿ ಬೆಳಕನ್ನು ಚದುರಿಸುತ್ತಿವೆ ಎಂದರ್ಥ. ಮಗುಚುವುದು ಬರಿಯ ತಣಿಸುವ ಉಪಾಯವಾಗಿದ್ದರೆ ಹಾಗೇ ಬಿಟ್ಟರೂ ಆಗುತ್ತಿತ್ತು. ಸುಮ್ಮನೆ ಬಿಟ್ಟ ಪಾಕ ಗಾಜಿನಂತೆ ಅಂಟಾಗಿ ಉಳಿಯಬಹುದು, ಇಲ್ಲವೇ ಅಲ್ಲಲ್ಲಿ ದಪ್ಪ ಹರಳು ಕಟ್ಟಿ ಮಿಕ್ಕದ್ದು ಜಿನುಗಬಹುದು. ಮಗುಚಿದಾಗ ಹರಳಿನ ಹುಟ್ಟು ಎಲ್ಲೆಡೆ ಒಮ್ಮೆಲೇ ಆಗುತ್ತದೆ, ಅಚ್ಚಿಗೆ ಹಾಕಿದ ಬೆಲ್ಲ ಕಚ್ಚಿದರೆ ಮೃದುವಾಗಿ ಮುರಿಯುತ್ತದೆ. ಕಲಕುವ ಬಲದಿಂದ ಹರಳನ್ನು ಹುಟ್ಟಿಸುವ ಈ ಕೆಲಸಕ್ಕೂ, ಧ್ವನಿಯ ಬಲದಿಂದ ಹುಟ್ಟಿಸುವ ಕೆಲಸಕ್ಕೂ ನಡುವೆ ಇರುವುದು ದಾರಿಯ ದೂರವೇ ಹೊರತು ದಿಕ್ಕಿನ ವ್ಯತ್ಯಾಸವಲ್ಲ.

ಮಲೆನಾಡಿನ ಜೋನಿಬೆಲ್ಲ ಇದೇ ವಿದ್ಯೆಯ ಇನ್ನೊಂದು ಮುಖ. ಅಚ್ಚುಬೆಲ್ಲಕ್ಕೆ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬೇಕು. ಜೋನಿಗೆ ಸುಮಾರು 105 ಡಿಗ್ರಿಯಲ್ಲೇ ಇಳಿಸುತ್ತಾರೆ. ಅಂದರೆ ಹರಳು ಕಟ್ಟಬಾರದು ಎಂಬುದೇ ಇಲ್ಲಿಯ ಹದ. ಆದರೂ ತಿಂಗಳುಗಟ್ಟಲೆ ಇಟ್ಟ ಜೋನಿಬೆಲ್ಲದ ಡಬ್ಬದ ತಳ ಕೆರೆದರೆ ಸೌಟಿಗೆ ಕರಕರ ಎಂದು ಹರಳು ಸಿಗುತ್ತದೆ. ಅಲುಗಾಡದ, ತಂಪಾದ ಕತ್ತಲಲ್ಲಿ ಒಂದೆರಡು ಹರಳು ತಾವಾಗಿಯೇ ಹುಟ್ಟಿ, ಪೈಪೋಟಿಗೆ ಯಾರೂ ಇಲ್ಲದೆ ನಿಧಾನವಾಗಿ ದಪ್ಪಗೆ ಬೆಳೆದಿರುತ್ತವೆ. ಟಿಪ್ಪುವಿನ ಕಾಲದಲ್ಲಿ ಹೆಸರಾಗಿದ್ದ ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆಯ ಗುಟ್ಟೂ ಇಂಥ ನಿಧಾನವೇ. ಒಂದೇ ಕಬ್ಬು, ಕಲಕಿದರೆ ಬೆಲ್ಲ, ಬೇಗ ಇಳಿಸಿದರೆ ಜೋನಿ, ಅಲುಗಿಸದೆ ಬಿಟ್ಟರೆ ಕಲ್ಲುಸಕ್ಕರೆ.

ಭದ್ರಾ ಅಣೆಕಟ್ಟಿನ ನೀರು ಬಂದಮೇಲೆ ಕಬ್ಬಿನ ಗದ್ದೆ ಹೆಚ್ಚಿತು, ಕಾರ್ಖಾನೆಗಳೂ ಬಂದವು. ಶಿವಮೊಗ್ಗದ ಮಲವಗೊಪ್ಪದಲ್ಲಿ ತುಂಗಭದ್ರಾ ಸಕ್ಕರೆ ಕಾರ್ಖಾನೆ ನಡೆಯಿತು. ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಲ್ಲಿ ತನ್ನದೇ ಸಕ್ಕರೆ ಘಟಕ ಕಟ್ಟಿ, ಅದರ ಕಬ್ಬಿನ ಸಿಪ್ಪೆಯನ್ನು ಕಾಗದಕ್ಕೆ ಬಳಸಿತು. ಸಕ್ಕರೆ ಕಾರ್ಖಾನೆಯಲ್ಲಿ ಕೊಪ್ಪರಿಗೆಯ ಜಾಗಕ್ಕೆ ನಿರ್ವಾತ ಪ್ಯಾನ್ ಬಂತು, ಮಾಪಕಗಳು ಬಂದವು. ಆದರೆ ಹರಳು ಹುಟ್ಟಿಸುವ ಗಳಿಗೆ ಮಾತ್ರ ಬಹಳ ಕಾಲ ಪ್ಯಾನ್ ನೋಡಿಕೊಳ್ಳುವ ಮನುಷ್ಯನ ಕೈಯಲ್ಲೇ ಉಳಿಯಿತು. ಸರಳಿನಿಂದ ಒಂದಿಷ್ಟು ಪಾಕ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಎಳೆ ಎಳೆದು ನೋಡುವುದು, ಗಾಜಿನ ಪಟ್ಟಿಯ ಮೇಲೆ ಸವರಿ ಬೆಳಕಿಗೆ ಹಿಡಿದು ಕಾಳು ಕಾಣುತ್ತದೆಯೇ ಎಂದು ನೋಡುವುದು ಸಕ್ಕರೆ ಕಾರ್ಖಾನೆಗಳ ರೂಢಿಯಾಗಿತ್ತು. ಹರಳು ಹುಟ್ಟಿಸಲು ಮೂರು ದಾರಿಗಳಿದ್ದವು. ಕಾಳು ತಾನಾಗಿ ಬರುವ ತನಕ ಕಾಯುವುದು ಒಂದು. ಬೇಕಾದಷ್ಟು ಕಾಳನ್ನು ಲೆಕ್ಕಹಾಕಿ ಸಕ್ಕರೆ ಪುಡಿಯಾಗಿ ಹಾಕಿಬಿಡುವುದು ಇನ್ನೊಂದು. ಇವೆರಡರ ನಡುವಿನದು ಆಘಾತದ ದಾರಿ: ಪಾಕ ತುದಿಯಲ್ಲಿ ನಿಂತಿರುವಾಗ ಪ್ಯಾನಿನೊಳಕ್ಕೆ ಒಂದು ಚಿಟಿಕೆ ಪುಡಿಯನ್ನೋ ಗಾಳಿಯನ್ನೋ ಎಳೆದುಕೊಂಡರೆ ಆ ಪೆಟ್ಟಿಗೆ ಕಾಳು ಮಳೆಯಂತೆ ಸುರಿಯುತ್ತದೆ. ಇಲ್ಲಿ ಹರಳು ಹುಟ್ಟುವುದು ಹಾಕಿದ ಬೀಜದಿಂದಲ್ಲ, ಕೊಟ್ಟ ಪೆಟ್ಟಿನಿಂದ. ಅಲ್ಟ್ರಾಸೌಂಡಿನ ಕೆಲಸವನ್ನು ಒಂದು ಮಾತಿನಲ್ಲಿ ಹೇಳಬೇಕೆಂದರೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ತೋಚದು.

ಇಲ್ಲೊಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಬೆಲ್ಲದಲ್ಲಿರುವ ಸಕ್ಕರೆಯೂ ಕಲ್ಲುಸಕ್ಕರೆಯಲ್ಲಿರುವ ಸಕ್ಕರೆಯೂ ಒಳಗಿನ ಜೋಡಣೆಯಲ್ಲಿ ಒಂದೇ. ಹರಳು ದೊಡ್ಡದು ಸಣ್ಣದು ಅಷ್ಟೆ. ಔಷಧದವರು ಹೇಳುವ ರೂಪಭೇದ ಬೇರೆಯದು. ಅಲ್ಲಿ ಅಣು ಒಂದೇ ಆಗಿದ್ದು, ಅಣುಗಳು ಒಂದರ ಪಕ್ಕ ಒಂದು ಕೂರುವ ರೀತಿಯೇ ಬದಲಾಗುತ್ತದೆ. ಇದನ್ನು ಬಹುರೂಪತೆ ಎನ್ನುತ್ತಾರೆ. 1832ರಲ್ಲಿ ಜರ್ಮನಿಯ ವೋಲರ್ ಮತ್ತು ಲೀಬಿಗ್ ಬೆಂಜಮೈಡ್ ಎಂಬ ವಸ್ತುವಿನ ಬಿಸಿ ದ್ರಾವಣ ತಣಿಸಿದಾಗ ರೇಷ್ಮೆಯಂಥ ಸೂಜಿಹರಳು ಬಂತು. ಹಾಗೇ ಇಟ್ಟಾಗ ಆ ಸೂಜಿಗಳು ತಾವೇ ಬೇರೆ ಆಕಾರದ ಹರಳುಗಳಾಗಿ ತಿರುಗಿದವು. ಸಾವಯವ ವಸ್ತುವೊಂದರ ಬಹುರೂಪ ಕಣ್ಣಿಗೆ ಬಿದ್ದ ಮೊದಲ ದಾಖಲೆ ಅದು. ಈ ಅರ್ಥದಲ್ಲಿ ಬೆಲ್ಲ ಬಹುರೂಪಿಯಲ್ಲ, ಒಪ್ಪುತ್ತೇನೆ. ಬೆಲ್ಲ ನಮಗೆ ಕಲಿಸುವುದು ಹುಟ್ಟಿನ ಗಳಿಗೆಯ ಪಾಠವನ್ನು ಮಾತ್ರ. ಜೋಡಣೆಯ ಪಾಠಕ್ಕೆ ಭದ್ರಾವತಿಯ ಕಬ್ಬಿಣದ ಬಳಿಗೆ ಹೋಗಬೇಕು.

ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾದದ್ದು 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಉತ್ಪಾದನೆ ಆರಂಭವಾದದ್ದು 1923ರ ಜನವರಿಯಲ್ಲಿ. ಕಲ್ಲಿದ್ದಲು ಇಲ್ಲದ ಸೀಮೆಯಾದ್ದರಿಂದ ಊದುಕುಲುಮೆಗೆ ಇದ್ದಿಲೇ ಆಧಾರವಾಯಿತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಬರುವ ಹೊಗೆಯನ್ನು ಹಿಡಿದು ಮರದ ಸಾರಾಯಿ ಎನಿಸಿದ ಮೆಥನಾಲ್, ಸುಣ್ಣದ ಅಸಿಟೇಟ್, ಟಾರುಗಳನ್ನು ತೆಗೆದರು. ಭದ್ರಾವತಿ ಹುಟ್ಟುವಾಗಲೇ ಉಕ್ಕಿನ ಊರಾಗುವ ಮೊದಲು ರಸಾಯನದ ಊರಾಗಿತ್ತು ಎಂಬುದನ್ನು ನಾವು ಮರೆತಿದ್ದೇವೆ. ಅದೇ 1923ರಲ್ಲಿ ಜರ್ಮನಿಯಲ್ಲಿ ಅನಿಲಗಳಿಂದ ಕೃತಕವಾಗಿ ಮೆಥನಾಲ್ ಮಾಡುವುದೂ ಶುರುವಾಯಿತು; ಮರದಿಂದ ತೆಗೆದದ್ದು ಅದರ ಬೆಲೆಗೆ ನಿಲ್ಲಲಾಗಲಿಲ್ಲ. ಆ ವರ್ಷದಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ಕಾರ್ಖಾನೆಯನ್ನು ಹಿಡಿದು ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತಿದೆ. 1936ರಲ್ಲಿ ಉಕ್ಕಿನ ಘಟಕ, 1938ರ ಹೊತ್ತಿಗೆ ಸಿಮೆಂಟ್, ಮುಂದೆ ವಿದ್ಯುತ್ ಕುಲುಮೆ, ಆಮೇಲೆ ಮಿಶ್ರಲೋಹದ ವಿಶೇಷ ಉಕ್ಕು ಬಂದವು.

ಬೀಡುಕಬ್ಬಿಣದಿಂದ ವಿಶೇಷ ಉಕ್ಕಿನವರೆಗಿನ ಈ ನಡಿಗೆಯಲ್ಲಿ ಏರುತ್ತ ಹೋದದ್ದು ಬರಿಯ ಟನ್ನುಗಳಲ್ಲ, ಹರಳಿನ ಮೇಲಿನ ಹಿಡಿತ. ಕಬ್ಬಿಣ ಬಹುರೂಪಿ ವಸ್ತು. ಮಾಮೂಲು ತಾಪದಲ್ಲಿ ಅದರ ಪರಮಾಣುಗಳು ಪೆಟ್ಟಿಗೆಯ ಎಂಟು ಮೂಲೆಗಳಲ್ಲೂ ನಟ್ಟನಡುವೆಯೂ ಕೂತಿರುತ್ತವೆ. 912 ಡಿಗ್ರಿ ದಾಟಿದರೆ ಜೋಡಣೆ ಬದಲಾಗಿ, ಮೂಲೆಗಳ ಜೊತೆ ಪೆಟ್ಟಿಗೆಯ ಆರು ಮುಖಗಳ ನಡುವೆ ಕೂರುತ್ತವೆ. ಈ ಎರಡನೆಯ ರೂಪದಲ್ಲಿ ಇಂಗಾಲಕ್ಕೆ ಜಾಗ ಹೆಚ್ಚು, ಮೊದಲನೆಯದರಲ್ಲಿ ಇಲ್ಲವೆಂಬಷ್ಟು ಕಡಿಮೆ. ಕೆಂಪಗೆ ಕಾದ ಉಕ್ಕನ್ನು ನಿಧಾನವಾಗಿ ಆರಲು ಬಿಟ್ಟರೆ ಇಂಗಾಲ ಹೊರಬಂದು ತನ್ನ ಪಾಡಿಗೆ ಪದರ ಕಟ್ಟುತ್ತದೆ, ಉಕ್ಕು ಮೆದುವಾಗಿರುತ್ತದೆ. ಅದನ್ನೇ ನೀರಿಗೋ ಎಣ್ಣೆಗೋ ಅದ್ದಿದರೆ ಇಂಗಾಲಕ್ಕೆ ಹೊರಬರಲು ಹೊತ್ತು ಸಿಗುವುದಿಲ್ಲ. ಒಳಗೇ ಸಿಕ್ಕಿಕೊಂಡು ಪೆಟ್ಟಿಗೆಯನ್ನು ಒಂದು ಕಡೆ ಎಳೆದು ಮೂರನೆಯ ಜೋಡಣೆಗೆ ತಿರುಗಿಸುತ್ತದೆ. ಆ ಬಿಗಿಯೇ ಅಂಚಿನ ಗಡಸು. ಆದರೆ ಬಿಗಿಯಷ್ಟೇ ಇದ್ದರೆ ಕತ್ತಿ ಗಾಜಿನಂತೆ ಒಡೆಯುತ್ತದೆ. ಅದಕ್ಕೇ ಕಮ್ಮಾರ ಅದನ್ನು ಮತ್ತೆ ಸ್ವಲ್ಪ ಕಾಯಿಸಿ, ಉಜ್ಜಿದ ಅಂಚಿನ ಮೇಲೆ ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಎಂದು ಓಡುವ ಬಣ್ಣಗಳನ್ನು ನೋಡುತ್ತ ಬೇಕಾದ ಬಣ್ಣದಲ್ಲಿ ನಿಲ್ಲಿಸುತ್ತಾನೆ. ಅಡಿಕೆ ಕೊನೆ ಕೊಯ್ಯುವ ಕತ್ತಿಗೆ ಬೇಕಾದದ್ದು ಒಂದು ಬಣ್ಣ, ಕಲ್ಲು ಒಡೆಯುವ ಉಳಿಗೆ ಬೇಕಾದದ್ದು ಇನ್ನೊಂದು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣ, ಉಕ್ಕಿನ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಭದ್ರಾವತಿಯ ಕಾರ್ಖಾನೆ ಬರಿ ನೆಲದ ಮೇಲೆ ಹುಟ್ಟಿದ್ದಲ್ಲ. ವಿಶೇಷ ಉಕ್ಕಿನ ಕಾಲಕ್ಕೆ ಕಮ್ಮಾರನ ತೊಟ್ಟಿ ದೊಡ್ಡದಾಯಿತು, ಬಣ್ಣದ ಜಾಗಕ್ಕೆ ತಾಪಮಾಪಕ ಬಂತು. ಕೇಳುತ್ತಿದ್ದ ಪ್ರಶ್ನೆ ಬದಲಾಗಲಿಲ್ಲ: ಈ ವಸ್ತು ಯಾವ ರೂಪಕ್ಕೆ ನಿಲ್ಲಬೇಕು, ಅದಕ್ಕೆ ಎಷ್ಟು ಹೊತ್ತು ಕೊಡಬೇಕು?

ಔಷಧಕ್ಕೆ ಇನ್ನೂ ಹತ್ತಿರದ ಸಾಕ್ಷ್ಯ ರಸಶಾಸ್ತ್ರದಲ್ಲಿದೆ. ಶಿವಮೊಗ್ಗದ ಆಯುರ್ವೇದ ಕಾಲೇಜುಗಳಲ್ಲಿ ಇವತ್ತಿಗೂ ಅದು ಪಾಠದ ವಿಷಯ. ಪಾದರಸ, ಗಂಧಕಗಳನ್ನು ಖಲ್ವದಲ್ಲಿ ಅರೆಯುತ್ತ ಹೋದರೆ ಕಾಡಿಗೆಯಂಥ ಕಪ್ಪು ಪುಡಿಯಾಗುತ್ತದೆ, ಕಜ್ಜಲಿ ಎನ್ನುತ್ತಾರೆ. ಅದನ್ನು ಮಣ್ಣುಬಟ್ಟೆ ಸುತ್ತಿದ ಗಾಜಿನ ಕುಪ್ಪಿಗೆ ಹಾಕಿ, ಮರಳು ತುಂಬಿದ ವಾಲುಕಾ ಯಂತ್ರದಲ್ಲಿಟ್ಟು ಮಂದ, ಮಧ್ಯಮ, ತೀವ್ರ ಎಂದು ಬೆಂಕಿಯನ್ನು ಏರಿಸುತ್ತ ಹೋದರೆ ಕುಪ್ಪಿಯ ಕತ್ತಿನಲ್ಲಿ ಕೆಂಪು ರಸಸಿಂಧೂರ ಕಟ್ಟುತ್ತದೆ. ಕಪ್ಪೂ ಕೆಂಪೂ ರಾಸಾಯನಿಕವಾಗಿ ಒಂದೇ ಪಾದರಸದ ಸಲ್ಫೈಡ್. ಪರಮಾಣುಗಳ ಜೋಡಣೆ ಬೇರೆ, ಅದರಿಂದ ಬಣ್ಣ ಬೇರೆ. ಗ್ರಂಥಕಾರರು ಇವೆರಡಕ್ಕೂ ಎರಡು ಹೆಸರಿಟ್ಟು, ಎರಡು ಬಗೆಯ ಉಪಯೋಗ ಹೇಳಿ, ಎರಡು ಬೇರೆ ಮದ್ದುಗಳೆಂದೇ ಎಣಿಸಿದರು. ಪಾದರಸ ವಿಷ; ಆ ಮದ್ದುಗಳು ಗುಣ ಕೊಡುತ್ತವೆ ಎಂದು ಹೇಳುವುದು ನನ್ನ ಉದ್ದೇಶವಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಇಲ್ಲಿ ನನಗೆ ಬೇಕಾದದ್ದು ಒಂದೇ ಸಂಗತಿ: ಮದ್ದಿನ ಗುರುತು ಅದರ ದ್ರವ್ಯದಲ್ಲಷ್ಟೇ ಇಲ್ಲ, ರೂಪದಲ್ಲೂ ಇದೆ ಎಂಬ ಎಣಿಕೆ ನಮ್ಮ ಔಷಧ ಮಾಡುವವರಿಗೆ ಹೊಸದಾಗಿರಲಿಲ್ಲ.

ಇದನ್ನು ಹೇಳಿದ ಕೂಡಲೇ ಇನ್ನೊಂದು ಆಕ್ಷೇಪ ಬರುತ್ತದೆ, ಅದು ಹೆಚ್ಚು ಗಂಭೀರವಾದದ್ದು. ಹಳಬರಿಗೆ ಎಲ್ಲವೂ ಗೊತ್ತಿತ್ತು ಎಂಬ ಹುಸಿ ಹೆಮ್ಮೆಗೆ ಇದೂ ಒಂದು ದಾರಿಯಲ್ಲವೇ? ಕಮ್ಮಾರನಿಗೆ ಪರಮಾಣುವಿನ ಪೆಟ್ಟಿಗೆ ಗೊತ್ತಿರಲಿಲ್ಲ, ಆಲೆಮನೆಯವರಿಗೆ ಅತಿಸಂತೃಪ್ತಿ ಗೊತ್ತಿರಲಿಲ್ಲ. ನಿಜ. ಅವರಿಗೆ ಗೊತ್ತಿತ್ತು ಎಂದು ಹೇಳಿದರೆ ಅವರ ಕಸುಬಿಗೂ ವಿಜ್ಞಾನಕ್ಕೂ ಒಟ್ಟಿಗೇ ಮೋಸ ಮಾಡಿದಂತೆ. ಹದದ ಜ್ಞಾನಕ್ಕೆ ಒಂದು ದೊಡ್ಡ ಮಿತಿಯಿದೆ: ಅದು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಬೆಲ್ಲದ ಹದ ಬಲ್ಲವನು ಕತ್ತಿಗೆ ಹದ ಹಾಕಲಾರ. ನಿನ್ನೆ ಮೊನ್ನೆ ಹುಟ್ಟಿದ ಅಣುವೊಂದರ ಮುಂದೆ ಇಬ್ಬರೂ ಸುಮ್ಮನಿರಬೇಕು. ಎಕ್ಸ್-ರೇ, ಉಷ್ಣಮಾಪನಗಳ ವಿಜ್ಞಾನ ಮಾಡಿದ್ದು ಈ ದಾಟುವ ಸೇತುವೆಯನ್ನು. ಆದರೆ ಸೇತುವೆ ಕಟ್ಟಿದ ಮೇಲೂ ದಡದ ನೆಲ ಹಾಗೇ ಇರುತ್ತದೆ. ಯಾವ ಹರಳು ಯಾವಾಗ ಹುಟ್ಟುತ್ತದೆ ಎಂದು ಲೆಕ್ಕ ಹಾಕಿ ಮುಂಚಿತವಾಗಿ ಹೇಳುವುದು ಇವತ್ತಿನ ವಿಜ್ಞಾನಕ್ಕೂ ಪೂರ್ತಿ ಒಲಿದಿಲ್ಲ. ಕೈಹಾಕಿ ನೋಡಿಯೇ ತಿಳಿಯಬೇಕು. ಔಷಧ ಉದ್ಯಮ ಇದನ್ನು ದುಬಾರಿ ಪಾಠವಾಗಿ ಕಲಿಯಿತು.

ಮಕ್ಕಳಿಗೆ ಕಹಿಯಾಗದಂತೆ ಮಾಡಿದ ಕ್ಲೋರಾಂಫೆನಿಕಾಲ್ ಪಾಲ್ಮಿಟೇಟ್ ಎಂಬ ದ್ರವ ಔಷಧದ ಎರಡು ಹರಳು ರೂಪಗಳನ್ನು 1967ರಲ್ಲಿ ಹೋಲಿಸಿ ನೋಡಿದಾಗ, ಬಿ ರೂಪದ ಪಾಲು ಹೆಚ್ಚಿದಷ್ಟೂ ರಕ್ತಕ್ಕೆ ಸೇರುವ ಮದ್ದೂ ಹೆಚ್ಚುತ್ತಿತ್ತು. ಎ ರೂಪ ಬಹುಪಾಲು ಹೀರಿಕೆಯಾಗುತ್ತಲೇ ಇರಲಿಲ್ಲ. ಒಂದೇ ಅಣು, ಬಾಟಲಿಯ ಮೇಲೆ ಒಂದೇ ಹೆಸರು. ಮಗುವಿಗೆ ಮಾತ್ರ ಒಂದರಿಂದ ಉಪಯೋಗ, ಇನ್ನೊಂದರಿಂದ ಇಲ್ಲ. 1996ರಲ್ಲಿ ಏಡ್ಸ್ ರೋಗಿಗಳಿಗಾಗಿ ಬಂದ ರಿಟೋನವಿರ್ ಎರಡು ವರ್ಷ ಸರಿಯಾಗಿಯೇ ನಡೆಯಿತು. 1998ರಲ್ಲಿ ಯಾರೂ ನೋಡಿರದ ಎರಡನೆಯ ರೂಪದ ಹರಳು ತಾನಾಗಿ ಕಾಣಿಸಿಕೊಂಡಿತು. ಅದು ಹೆಚ್ಚು ಸ್ಥಿರ, ಆದ್ದರಿಂದ ಕಡಿಮೆ ಕರಗುವಂಥದು. ಕ್ಯಾಪ್ಸೂಲ್‌ಗಳು ಪರೀಕ್ಷೆಯಲ್ಲಿ ಕರಗಲಿಲ್ಲ. ಮಾರುಕಟ್ಟೆಯಿಂದ ವಾಪಸು ತೆಗೆದು, ಮದ್ದಿನ ಸ್ವರೂಪವನ್ನೇ ಬದಲಿಸಬೇಕಾಯಿತು. ಪ್ರತಿ ಔಷಧಿ ಅಂಗಡಿಯಲ್ಲೂ ಸಿಗುವ ಪ್ಯಾರಾಸಿಟಮಾಲ್ ಕೂಡ ಹೀಗೆಯೇ. ಅದರ ಸ್ಥಿರ ರೂಪದ ಹರಳುಗಳು ಒತ್ತಿದರೆ ಕೂಡಿಕೊಳ್ಳುವುದಿಲ್ಲ, ಮಾತ್ರೆಗೆ ಅಂಟು ಬೆರೆಸಬೇಕು. ಎರಡನೆಯ ರೂಪದಲ್ಲಿ ಅಣುಗಳು ಹಾಳೆಗಳಂತೆ ಪದರವಾಗಿ ಕೂತಿರುವುದರಿಂದ ಒಂದರ ಮೇಲೊಂದು ಜಾರಿ ಸುಲಭವಾಗಿ ಒತ್ತಿಕೊಳ್ಳುತ್ತವೆ. ಆದರೆ ಆ ರೂಪ ಹುಟ್ಟಿಸುವುದೂ ಉಳಿಸುವುದೂ ಕಷ್ಟ. 1897ರಲ್ಲಿ ಓಸ್ಟ್‌ವಾಲ್ಡ್ ಗುರುತಿಸಿದಂತೆ ವಸ್ತುಗಳು ಸಾಮಾನ್ಯವಾಗಿ ಮೊದಲು ಅಸ್ಥಿರ ರೂಪದಲ್ಲಿ ಹುಟ್ಟಿ, ಮೆಟ್ಟಿಲಿಳಿದಂತೆ ಸ್ಥಿರ ರೂಪಕ್ಕೆ ಬರುತ್ತವೆ. ಬೇಕಾದ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸುವುದು ಹೇಗೆ ಎಂಬಲ್ಲಿ ಅಲ್ಟ್ರಾಸೌಂಡ್ ಬರುತ್ತದೆ.

ಅದಕ್ಕೂ ಹಳೆಯ ವಂಶವಿದೆ. 1880ರಲ್ಲಿ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕಂಡರು. ವಿದ್ಯುತ್ ಕೊಟ್ಟರೆ ಅವು ಕಂಪಿಸುತ್ತವೆ ಎಂಬುದು ಅದರ ತಿರುಗುಮುಖ. 1927ರಲ್ಲಿ ಅಮೆರಿಕದ ಟಕ್ಸೀಡೊ ಪಾರ್ಕಿನಲ್ಲಿ ವುಡ್ ಮತ್ತು ಲೂಮಿಸ್ ಎಣ್ಣೆಯಲ್ಲಿ ಮುಳುಗಿಸಿದ ಬೆಣಚು ಹರಳನ್ನು ಕಿವಿಗೆ ಕೇಳದ ವೇಗದಲ್ಲಿ ನಡುಗಿಸಿ, ದ್ರವಗಳ ಮೇಲೂ ಜೀವಿಗಳ ಮೇಲೂ ಆಗುವ ಪರಿಣಾಮಗಳನ್ನು ಪ್ರಕಟಿಸಿದರು. ಅಂದರೆ ಹರಳು ಹುಟ್ಟಿಸುವ ಈ ಧ್ವನಿಯನ್ನು ಮೊದಲು ಹೊರಡಿಸಿದ್ದೂ ಒಂದು ಹರಳೇ. 1935–36ರಲ್ಲಿ, ಭದ್ರಾವತಿಯಲ್ಲಿ ಉಕ್ಕಿನ ಘಟಕ ಏಳುತ್ತಿದ್ದ ಹೊತ್ತಿಗೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಅಲ್ಟ್ರಾಸೌಂಡ್ ಹಾಯುವ ದ್ರವದಲ್ಲಿ ಬೆಳಕು ಹೇಗೆ ಬಾಗಿ ಹಂಚಿಹೋಗುತ್ತದೆ ಎಂಬ ಸಿದ್ಧಾಂತ ಕಟ್ಟಿದರು. ಅದು ಹರಳು ಕಟ್ಟುವ ಕುರಿತಾದದ್ದಲ್ಲ. ಆದರೆ ಧ್ವನಿ ಹಾಯುವಾಗ ದ್ರವದೊಳಗೆ ಒತ್ತಾದ, ವಿರಳವಾದ ಪಟ್ಟಿಗಳು ಸಾಲುಗಟ್ಟುತ್ತವೆ ಎಂಬ ಚಿತ್ರದ ಮೇಲೆಯೇ ಅದು ನಿಂತಿದೆ. ಆ ಏರಿಳಿತ ಬಲವಾದಾಗ ದ್ರವ ಹರಿದು ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟುತ್ತವೆ, ಊದುತ್ತವೆ, ಕುಸಿಯುತ್ತವೆ. ಕುಸಿಯುವ ಆ ಚಿಟಿಕೆಗಿಂತ ಸಣ್ಣ ಹೊತ್ತಿನಲ್ಲಿ ಗುಳ್ಳೆಯ ಒಳಗೆ ಸಾವಿರಾರು ಡಿಗ್ರಿ ತಾಪ, ನೂರಾರು ಪಟ್ಟು ವಾಯುಭಾರದ ಒತ್ತಡ ಏಳುತ್ತವೆ, ಪಕ್ಕದ ದ್ರವದಲ್ಲಿ ಆಘಾತದ ಅಲೆ ಓಡುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 20,000 ಕಂಪನದ ಸುತ್ತ ನಡುಗುವ ಟೈಟಾನಿಯಂ ದಂಡವೊಂದನ್ನು ದ್ರಾವಣದಲ್ಲಿ ಅದ್ದಿ ಕೆಲವು ಸೆಕೆಂಡು ಧ್ವನಿ ಕೊಟ್ಟರೆ, ಗಂಟೆಗಟ್ಟಲೆ ಕಾದರೂ ಬಾರದ ಹರಳು ಮೋಡ ಕವಿದಂತೆ ಬಂದುಬಿಡುತ್ತದೆ. ಮರಿಗೆಯಲ್ಲಿ ಮಂಕಾದ ಪಾಕದಂತೆಯೇ, ಆದರೆ ಹೊರಗಿನ ಬೀಜವಿಲ್ಲದೆ, ಮುಚ್ಚಿದ ಶುದ್ಧ ಪಾತ್ರೆಯಲ್ಲಿ, ಬೇಕೆಂದ ಸೆಕೆಂಡಿನಲ್ಲಿ.

ರೂಪದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ದ್ರಾವಣ ಹೆಚ್ಚು ಹೊರೆ ಹೊತ್ತು ತುದಿಗೆ ಬಂದಾಗ ಹುಟ್ಟುವ ರೂಪ ಒಂದು. ಹೊರೆ ಕಡಿಮೆ ಇರುವಾಗಲೇ ಎಬ್ಬಿಸಿದರೆ ಹುಟ್ಟುವ ರೂಪ ಇನ್ನೊಂದು ಇರಬಹುದು. ಅಲ್ಟ್ರಾಸೌಂಡ್ ಆ ಆಯ್ಕೆಯ ಗಳಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಪ್ಯಾರಾ ಅಮೈನೊ ಬೆಂಜೋಯಿಕ್ ಆಮ್ಲ ಮಾಮೂಲಾಗಿ ಸೂಜಿಯಂಥ ಆಲ್ಫಾ ರೂಪದಲ್ಲಿ ಬರುತ್ತದೆ. ಸ್ವೀಡನ್ನಿನ ಸಂಶೋಧಕರು 2005ರಲ್ಲಿ ಹತೋಟಿಯಲ್ಲಿ ಧ್ವನಿ ಕೊಟ್ಟು ಅದರ ಬೀಟಾ ರೂಪವನ್ನು ಬೆರಕೆಯಿಲ್ಲದೆ ಪಡೆದರು. ಪ್ಯಾರಾಸಿಟಮಾಲ್‌ನ ಆ ಕಷ್ಟದ ಎರಡನೆಯ ರೂಪವನ್ನೂ ಇದೇ ದಾರಿಯಲ್ಲಿ ಹುಟ್ಟಿಸಿದ್ದಾರೆ. ಇದನ್ನು ಮಂತ್ರದಂಡ ಎಂದುಕೊಳ್ಳಬಾರದು. ಅದೇ ಧ್ವನಿ ಹೆಚ್ಚಾದರೆ ಅಸ್ಥಿರ ರೂಪ ಬೇಗ ಸ್ಥಿರಕ್ಕೆ ಜಾರಬಹುದು. ದಂಡದ ಲೋಹ ಸವೆದು ಮದ್ದಿಗೆ ಸೇರಬಹುದು. ಲೀಟರಿನ ಪಾತ್ರೆಯಲ್ಲಿ ಎಲ್ಲೆಡೆ ತಲುಪುವ ಧ್ವನಿ ದೊಡ್ಡ ತೊಟ್ಟಿಯಲ್ಲಿ ದಂಡದ ಸುತ್ತಲೇ ಉಳಿದುಬಿಡುತ್ತದೆ. ಎಷ್ಟು ಬಲ, ಎಷ್ಟು ಹೊತ್ತು, ಯಾವ ತಾಪ ಎಂಬುದನ್ನು ಪ್ರತಿ ಮದ್ದಿಗೂ ಹೊಸದಾಗಿ ಹುಡುಕಬೇಕು. ಈ ಹುಡುಕಾಟಕ್ಕೆ ಹದ ಎಂಬ ಹೆಸರಿಗಿಂತ ಸರಿಯಾದ ಹೆಸರು ನನಗೆ ಗೊತ್ತಿಲ್ಲ.

ರೂಪಕ್ಕೆ ಇಷ್ಟು ಮಹತ್ವ ಕೊಡುವುದರಲ್ಲಿ ಅಪಾಯವೂ ಇದೆ ಎಂದು ನಮ್ಮ ದೇಶದಲ್ಲೇ ವಾದ ನಡೆದಿದೆ. ಹಳೆಯ ಮದ್ದಿನ ಹೊಸ ಹರಳನ್ನು ಹೊಸ ಮದ್ದೆಂದು ತೋರಿಸಿ ಪೇಟೆಂಟ್ ಚಾಚಿಕೊಂಡು ಹೋದರೆ ಬಡ ರೋಗಿಯ ಗತಿಯೇನು? 2005ರಲ್ಲಿ ತಿದ್ದಿದ ಪೇಟೆಂಟ್ ಕಾಯ್ದೆಯ ಕಲಂ 3(ಡಿ) ಇದನ್ನು ತಡೆಯಲೆಂದೇ ಬಂತು. ರಕ್ತ ಕ್ಯಾನ್ಸರಿನ ಮದ್ದಾದ ಇಮ್ಯಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳಿಗೆ ನೊವಾರ್ಟಿಸ್ ಕೇಳಿದ್ದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಆ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ, ಅದು ನನ್ನ ವಾದಕ್ಕೆ ಎದುರೂ ಅಲ್ಲ. ರೂಪ ಏನೂ ಅಲ್ಲ ಎಂದು ನ್ಯಾಯಾಲಯ ಹೇಳಲಿಲ್ಲ. ರೂಪ ಬದಲಾದುದರಿಂದ ರೋಗಿಗೆ ಗುಣ ಹೆಚ್ಚಿತು ಎಂದು ತೋರಿಸಿ ಎಂದು ಕೇಳಿತು. ಕಮ್ಮಾರನ ಗಿರಾಕಿ ಕೇಳುವುದೂ ಇದನ್ನೇ. ಹದ ಹಾಕಿದ್ದೇನೆ ಎಂಬ ಮಾತಿಗೆ ಬೆಲೆಯಿಲ್ಲ, ಕತ್ತಿ ಅಡಿಕೆ ಕೊನೆಗೆ ತಾಗಿದಾಗ ಅಂಚು ನಿಲ್ಲಬೇಕು.

ಮೈಸೂರು ಕಾಗದ ಕಾರ್ಖಾನೆ ಈಗ ನಿಂತಿದೆ, ಮಲವಗೊಪ್ಪದ ಸಕ್ಕರೆ ಕಾರ್ಖಾನೆ ಅದಕ್ಕೂ ಮುಂಚೆಯೇ ನಿಂತಿತ್ತು. ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಅದು ನೂರು ತುಂಬುತ್ತಿದ್ದ ತಿಂಗಳಲ್ಲೇ ಬಂತು. ಊರು ಬೀದಿಗಿಳಿದ ಮೇಲೆ ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ತಿರುಗಿದವು. ಇವುಗಳ ಟನ್ನಿನ ಲೆಕ್ಕ ಕಡತಗಳಲ್ಲಿ ಉಳಿಯುತ್ತದೆ. ಹದದ ಲೆಕ್ಕ ಎಲ್ಲೂ ಬರೆದಿಲ್ಲ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ಫಾರ್ಮಸಿ ಕಾಲೇಜಿದೆ. ಪ್ಯಾನ್ ಮುಂದೆ ನಿಂತು ಕಾಳು ನೋಡಿದವರು, ಉಕ್ಕನ್ನು ಎಣ್ಣೆಗಿಳಿಸಿದವರು ಈ ಎರಡು ಊರುಗಳಲ್ಲಿ ಇನ್ನೂ ಇರುವಾಗಲೇ ಅವರ ಮಾತನ್ನು ಕಸುಬಿನ ದಾಖಲೆಯಾಗಿ ಬರೆದುಕೊಳ್ಳಬೇಕು: ಯಾವ ಬಣ್ಣಕ್ಕೆ ತೆಗೆದಿರಿ, ಎಷ್ಟು ಎಣಿಸುವ ತನಕ ಅದ್ದಿದಿರಿ, ಪಾಕದ ಎಳೆ ಎಷ್ಟುದ್ದ ನಿಂತಾಗ ಗಾಳಿ ಬಿಟ್ಟಿರಿ, ಕೆಟ್ಟುಹೋದ ಪಾಕ ಹೇಗಿರುತ್ತಿತ್ತು. ಪ್ರಯೋಗಾಲಯದಲ್ಲಿ ಅಲ್ಟ್ರಾಸೌಂಡ್ ದಂಡ ಅದ್ದುವವರೂ ತಮ್ಮ ಪುಸ್ತಕದಲ್ಲಿ ದಿನವೂ ಬರೆದುಕೊಳ್ಳುವುದು ಇದನ್ನೇ. ಎಷ್ಟು ಡಿಗ್ರಿಗೆ ತಣಿದಾಗ ಧ್ವನಿ ಕೊಟ್ಟೆವು, ಎಷ್ಟು ಸೆಕೆಂಡು ಕೊಟ್ಟೆವು, ದ್ರಾವಣ ಯಾವಾಗ ಮಂಕಾಯಿತು.